ವಿಶ್ವಾಸಿಗಳ ನಡುವಣ ವಿಶ್ವಾಸ

(ದೇವಾಲಯದ ಶತಮಾನೋತ್ಸವದ ಪೂರ್ವಸಿದ್ಧತೆಗಾಗಿ ಜರುಗಿದ ಮೂರು ದಿನಗಳ ಧ್ಯಾನಕೂಟದ ಕೊನೆಯ ಸಂಜೆ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಹೊತ್ತು ತಂದ ಕಲ್ಲು, ಸುಣ್ಣ, ಮರಮುಟ್ಟುಗಳಿಂದ ಎದ್ದು ನಿಂತ ಈ ದೇವಾಲಯದಲ್ಲಿ ನಾವೆಲ್ಲರೂ ಇಂದು ಒಂದಾಗಿ ಕುಳಿತಿರುವುದು ಸರ್ವೇಶ್ವರನ ಕೃಪೆ. ಕಳೆದ ಎರಡು ಸಂಜೆಗಳಲ್ಲಿ ಅತಿಥಿ ಗುರುಗಳು ಪ್ರಾರ್ಥನೆಯನ್ನು ಕುರಿತೂ ಪರಮಪ್ರಸಾದವನ್ನು ಕುರಿತೂ ಉಪದೇಶಿಸಿದರು. ಕೊನೆಯ ಸಂಜೆಯ ಮಾತು ಮನೆಯವರ ಪಾಲಿಗೆ ಬಂದಿದೆ. ಮನೆಯವರು ಆಡುವ ಮಾತು ಮನೆಯ ಸಂಗತಿಯೇ ಆಗಿರಬೇಕಲ್ಲವೇ? ಆದುದರಿಂದ ಒಂದೇ ಪೀಠದ ಮುಂದೆ ಮೊಣಕಾಲೂರುವ ನಾವು ಒಬ್ಬರಿಗೊಬ್ಬರು ಸಲ್ಲಿಸಬೇಕಾದ ಪ್ರೀತಿ ಮತ್ತು ನಿಷ್ಠೆ, ಇದೇ ಇಂದಿನ ವಿಷಯವಾಗಿರಲಿ ಎಂದು ನಿಶ್ಚಯಿಸಿದೆವು.

ನಮ್ಮ ಕನ್ನಡ ನುಡಿಯಲ್ಲಿ ಒಂದು ಪದವುಂಟು. ಅದು ವಿಶ್ವಾಸ. ಧರ್ಮೋಪದೇಶದ ತರಗತಿಯಲ್ಲಿ ವಿಶ್ವಾಸವೆಂದರೇನು ಎಂದು ಕೇಳಿದರೆ, ದೇವರು ತಿಳಿಯಪಡಿಸಿದ ಸತ್ಯಗಳನ್ನು ಮನಃಪೂರ್ವಕವಾಗಿ ಒಪ್ಪಿಕೊಳ್ಳುವುದೆಂದು ಮಕ್ಕಳು ಉತ್ತರ ಹೇಳುತ್ತಾರೆ. ಉತ್ತರ ಸರಿಯಾಗಿದೆ. ಆದರೆ ಅದೇ ಮಕ್ಕಳ ಅಜ್ಜಿ ಜಗುಲಿಯ ಮೇಲೆ ಕುಳಿತು, ಆ ಮನೆಯವರು ನಮ್ಮ ಮೇಲೆ ಬಹಳ ವಿಶ್ವಾಸ ಇಟ್ಟಿದ್ದಾರೆ ಎಂದು ಹೇಳುವಾಗ, ಆಕೆ ಧರ್ಮಸತ್ಯಗಳ ಮಾತನ್ನಾಡುತ್ತಿಲ್ಲ. ಕಷ್ಟಕ್ಕಾಗುವ ನೆರೆಹೊರೆಯ ಅಕ್ಕರೆಯನ್ನು ಕುರಿತು ಹೇಳುತ್ತಿದ್ದಾಳೆ. ನಂಬಿದವರನ್ನು ನಡುನೀರಿನಲ್ಲಿ ಕೈಬಿಟ್ಟವನ ನಡತೆಗೆ ಜನರು ಕೊಡುವ ಹೆಸರು ವಿಶ್ವಾಸದ್ರೋಹ. ದೇವರ ಮೇಲಿನ ನಂಬಿಕೆ, ಮನುಷ್ಯರ ನಡುವಣ ಅಕ್ಕರೆ, ಕೊಟ್ಟ ಮಾತಿಗೆ ತಪ್ಪದ ನಡತೆ, ಈ ಮೂರನ್ನೂ ನಮ್ಮ ಜನರು ಒಂದೇ ಮಾತಿನಲ್ಲಿ ಕಟ್ಟಿಟ್ಟಿದ್ದಾರೆ. ಗುರುಮಠದಲ್ಲಿ ನಾವು ಕಲಿತ ಲತೀನ್ ಭಾಷೆಯಲ್ಲಿಯೂ ಹೀಗೆಯೇ. ಫಿದೇಲಿಸ್ ಎಂಬ ಪದಕ್ಕೆ ವಿಶ್ವಾಸಿ ಎಂದೂ ಅರ್ಥ, ನಿಷ್ಠಾವಂತ ಎಂದೂ ಅರ್ಥ. ದೇವರಲ್ಲಿ ವಿಶ್ವಾಸವಿಟ್ಟು, ಪಕ್ಕದ ಬೆಂಚಿನಲ್ಲಿ ಕುಳಿತವನ ಮೇಲೆ ವಿಶ್ವಾಸವಿಡದವನನ್ನು ವಿಶ್ವಾಸಿ ಎಂದು ಕರೆಯುವುದಕ್ಕೆ ಭಾಷೆಯೇ ಒಪ್ಪುವುದಿಲ್ಲ.

ಇನ್ನು ಪ್ರೀತಿಯ ಮಾತು. ನಮ್ಮ ಸೀಮೆಯಲ್ಲಿ ಮುಯ್ಯಿ ಎಂಬ ಪದ್ಧತಿಯನ್ನು ಅರಿಯದವರಿಲ್ಲ. ಅವರ ಹೊಲದ ರಾಗಿ ಕುಯ್ಲಿಗೆ ನಮ್ಮ ಮನೆಯಿಂದ ಎರಡಾಳು ಹೋದರೆ, ನಮ್ಮ ಹೊಲಕ್ಕೆ ಅವರ ಮನೆಯಿಂದ ಎರಡಾಳು ಮುಯ್ಯಾಳಾಗಿ ಬರುತ್ತಾರೆ. ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುತ್ತೇವೆ. ಇದು ಒಳ್ಳೆಯ ಪದ್ಧತಿ. ಬಡತನದ ಕಾಲದಲ್ಲಿ ಹಳ್ಳಿಗಳು ಇದರಿಂದಲೇ ಬದುಕಿದವು. ಆದರೆ ಯೇಸುಸ್ವಾಮಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಔತಣ ಮಾಡುವಾಗ ಮರಳಿ ಕರೆಯಲಾರದವರನ್ನು, ಅಂದರೆ ಬಡವರನ್ನೂ ಅಂಗವಿಕಲರನ್ನೂ ಕುರುಡರನ್ನೂ ಕರೆಯಿರೆಂದು ಆಜ್ಞಾಪಿಸಿದರು. ಮುಯ್ಯಿಯ ಪುಸ್ತಕವನ್ನು ಮುಚ್ಚಿದ ಬಳಿಕ ಆರಂಭವಾಗುವುದೇ ಕ್ರೈಸ್ತ ಪ್ರೀತಿ. ಸಂತ ಪೌಲರು ಗಲಾತ್ಯದವರಿಗೆ ಬರೆಯುತ್ತ, ಎಲ್ಲರಿಗೂ ಒಳಿತನ್ನು ಮಾಡಬೇಕು, ಅದರಲ್ಲಿಯೂ ವಿಶ್ವಾಸದ ಒಂದೇ ಕುಟುಂಬಕ್ಕೆ ಸೇರಿದವರಿಗೆ ಮಾಡಬೇಕು ಎಂಬ ಅರ್ಥದ ಬುದ್ಧಿವಾದ ಹೇಳಿದ್ದಾರೆ. ಈ ಕುಟುಂಬವೇ ಇಂದು ನಮ್ಮ ಚಿಂತನೆಯ ವಸ್ತು.

ಈ ಕುಟುಂಬವು ನಮ್ಮ ಸೀಮೆಯಲ್ಲಿ ಹೇಗೆ ಬಾಳಿ ಬಂದಿತೆಂಬುದನ್ನು ಶತಮಾನೋತ್ಸವದ ಸಂದರ್ಭದಲ್ಲಿ ನೆನೆಯುವುದು ಕರ್ತವ್ಯ. ನಮ್ಮ ದೇವಾಲಯಕ್ಕೆ ನೂರು ವರ್ಷ. ಆದರೆ ಮೈಸೂರು ಸೀಮೆಯ ಕ್ರೈಸ್ತಧರ್ಮದ ಬೇರು ಇನ್ನೂ ಆಳವಾದುದು. 17ನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟು, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಉಪದೇಶ ಗ್ರಂಥಗಳನ್ನು ರಚಿಸಿದರು. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ವಿಸರ್ಜಿಸಿದರು. ಹೊಸ ಗುರುಗಳ ಬರವು ನಿಂತಿತು. ಕರಾವಳಿಯ ಕಥೋಲಿಕರನ್ನು 1784ರಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿ ತಂದುದೂ ಈ ಕಾಲಖಂಡದಲ್ಲಿಯೇ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅವರು ಪಟ್ಟ ಪಾಡಿನ ಬಗ್ಗೆ ಸಂದೇಹವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಪ್ಯಾರಿಸ್ ಮಿಷನ್ನಿನ ಅಬ್ಬೆ ದುಬಾಯ್ ಅವರು ಬಂದು, ಚದುರಿದ ಮಂದೆಯನ್ನು ಒಂದುಗೂಡಿಸಲು ಶ್ರಮಿಸಿದರು. ಈ ದೇಶದ ಉಡುಗೆ ತೊಟ್ಟು, ಈ ದೇಶದ ಊಟ ಉಂಡು, ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಿದ ಅವರನ್ನು ಜನರು ದೊಡ್ಡ ಸ್ವಾಮಿಯವರು ಎಂದು ಕರೆದರು.

ಆದರೆ ಆ ದೊಡ್ಡ ಸ್ವಾಮಿಯವರು ನಮ್ಮ ಬಗ್ಗೆ ಕೊನೆಗೆ ಏನೆಂದುಕೊಂಡರು ಗೊತ್ತೇ? ಮೂರು ದಶಕಗಳ ದುಡಿಮೆಯ ಬಳಿಕ 1823ರಲ್ಲಿ ಅವರು ಭಾರತವನ್ನು ಬಿಟ್ಟು ತಾಯ್ನಾಡಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕದಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲವೆಂಬ ನಿರಾಶೆಯನ್ನು ಅವರು ಮರೆಮಾಚದೆ ಬರೆದರು. ಇಷ್ಟು ಪ್ರಾಮಾಣಿಕರೂ ಇಷ್ಟು ಶ್ರಮಜೀವಿಯೂ ಆದವರು ಹೀಗೆ ಬರೆದದ್ದನ್ನು ಗುರುಮಠದಲ್ಲಿ ಮೊದಲು ಓದಿದಾಗ ನಮಗೆ ಬಹಳ ನೋವಾಗಿತ್ತು. ಈಗ, ತಲೆ ನರೆತ ಮೇಲೆ, ನೋವಿಗಿಂತ ಕೃತಜ್ಞತೆಯೇ ಹೆಚ್ಚಾಗಿದೆ. ಏಕೆಂದರೆ ಅವರ ಲೆಕ್ಕಾಚಾರವನ್ನು ಸುಳ್ಳುಮಾಡಿದವರು ಪಂಡಿತರಲ್ಲ. ಗುರುಗಳ ಮುಖವನ್ನು ವರ್ಷಕ್ಕೊಮ್ಮೆ ನೋಡುವುದೂ ಕಷ್ಟವಾಗಿದ್ದ ದಿನಗಳಲ್ಲಿ ಸಂಜೆಯ ಜಪಸರಕ್ಕೆ ನೆರೆಮನೆಯವರನ್ನು ಕೂಗಿ ಕರೆದ ತಾಯಂದಿರು, ಸಾಯುವವರ ಪಕ್ಕದಲ್ಲಿ ಕುಳಿತು ಪಶ್ಚಾತ್ತಾಪದ ಮಂತ್ರ ಹೇಳಿಕೊಟ್ಟ ಉಪದೇಶಿಗಳು, ಅನಾಥ ಕೂಸನ್ನು ಸ್ವಂತ ಮಡಿಲಿಗೆ ಹಾಕಿಕೊಂಡ ಒಕ್ಕಲು ಮನೆಗಳು. ಗುರುಗಳು ವಿರಳವಾದಾಗ ವಿಶ್ವಾಸಿಗಳೇ ಒಬ್ಬರನ್ನೊಬ್ಬರು ಕಾಯ್ದರು.

ಆ ಕಾಯುವಿಕೆಯ ಕಠಿಣ ಪರೀಕ್ಷೆ 1876ರಿಂದ 1878ರ ಮಹಾಕ್ಷಾಮದಲ್ಲಿ ನಡೆಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು ಎಂದರೆ ಆ ಸಂಕಟವನ್ನು ಊಹಿಸಬಹುದು. ಮಿಷನ್ನಿನ ಗುರುಗಳೂ ಭಗಿನಿಯರೂ ಅನಾಥ ಮಕ್ಕಳನ್ನು ಒಟ್ಟುಗೂಡಿಸಿ ಸಾಕಿದರು. ಅಂಥ ಕಾಲವನ್ನು ದಾಟಿ ಬಂದವರ ಮಕ್ಕಳು ಮೊಮ್ಮಕ್ಕಳೇ ಮುಂದೆ ನಮ್ಮಂಥ ಊರುಗಳಲ್ಲಿ ದೇವಾಲಯಗಳನ್ನು ಕಟ್ಟಿದರು. ನಮ್ಮ ದೇವಾಲಯವು ಎದ್ದಾಗ ಈ ಪ್ರದೇಶವು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯ ರಚನೆಗೊಂಡು 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ಕ್ಲೋಸ್‌ಪೇಟೆ ರಾಮನಗರವಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ಸರ್ಕಾರವು ತೀರ್ಮಾನಿಸಿತು. ಕಾಗದಪತ್ರಗಳಲ್ಲಿ ವಿಳಾಸ ಎಷ್ಟು ಬಾರಿ ಬದಲಾದರೂ, ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಬರೆದ ಕುಟುಂಬದ ಹೆಸರು ಮಾತ್ರ ಅಳಿಸಲಿಲ್ಲ.

ಸಹೋದರರೇ, ಪೂರ್ವಿಕರ ಹೊಗಳಿಕೆಯಿಂದ ನಮ್ಮ ಸಾಲ ತೀರುವುದಿಲ್ಲ. ಈಗ ನಮ್ಮ ಕಾಲಕ್ಕೆ ಬರೋಣ. ಈ ಹಂತದಲ್ಲಿ ನಾವು ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆಯನ್ನು ಮಾಡಬೇಕಾಗಿದೆ. ಪಾಪನಿವೇದನೆಯ ಪೀಠದಲ್ಲಿ ಎಷ್ಟೋ ವರ್ಷ ಕುಳಿತು ನಿಮ್ಮ ತಪ್ಪುಗಳನ್ನು ಕೇಳಿದವರು ಒಮ್ಮೆ ತಮ್ಮ ತಪ್ಪನ್ನೂ ಹೇಳಿಕೊಳ್ಳುವುದು ನ್ಯಾಯ.

ಈ ಧರ್ಮಕೇಂದ್ರಕ್ಕೆ ಬರುವ ಮುನ್ನ, ಇದೇ ರೇಷ್ಮೆ ಸೀಮೆಯ ಬೇರೊಂದು ಧರ್ಮಕೇಂದ್ರದಲ್ಲಿ ನಾವು ಸೇವೆಯಲ್ಲಿದ್ದೆವು. ಅಲ್ಲೊಂದು ಕುಟುಂಬ. ಗಂಡ ಹೆಂಡತಿ ಇಬ್ಬರೂ ನೂಲು ಬಿಚ್ಚಾಣಿಕೆಯವರು, ಇಬ್ಬರು ಹೆಣ್ಣುಮಕ್ಕಳು. ಮೂರನೆಯ ಬೆಂಚು ಅವರದೇ ಎಂಬಂತಿತ್ತು. ಆ ತಾಯಿ ಭಾನುವಾರದ ಬಲಿಪೂಜೆಯಲ್ಲಿ ವಾಚನ ಓದುತ್ತಿದ್ದರು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಲಾಯಿತು. ಅಗ್ಗದ ಚೀನಾ ರೇಷ್ಮೆಯ ಎದುರು ಇಲ್ಲಿಯ ನೂಲು ಮತ್ತು ಗೂಡಿನ ಬೆಲೆ ಕುಸಿಯಿತು. ಹೆಚ್ಚಿನ ದರಕ್ಕೆ ಗೂಡು ಕೊಂಡು ಕೂತಿದ್ದ ಈ ಕುಟುಂಬ ಸಾಲದಲ್ಲಿ ಮುಳುಗಿತು. ಮೊದಲು ತಾಯಿಯ ವಾಚನ ನಿಂತಿತು. ಆಮೇಲೆ ಮೂರನೆಯ ಬೆಂಚು ಬರಿದಾಯಿತು.

ಅದೇ ಸಮಯದಲ್ಲಿ ವಾರ್ಷಿಕ ಹಬ್ಬದ ಚಂದಾ ಬಾಕಿಯಿದ್ದವರ ಪಟ್ಟಿಯನ್ನು ದೇವಾಲಯದ ಗೋಡೆಗೆ ಅಂಟಿಸುವ ಪದ್ಧತಿ ಅಲ್ಲಿ ನಡೆದು ಬಂದಿತ್ತು. ಆ ವರ್ಷದ ಪಟ್ಟಿಗೆ ಒಪ್ಪಿಗೆಯ ಸಹಿ ಹಾಕಿದವರು ನಾವು. ಅದರಲ್ಲಿ ಆ ಕುಟುಂಬದ ಹೆಸರಿತ್ತು. ನಾವು ಅದನ್ನು ಗಮನಿಸಲಿಲ್ಲ. ಅಷ್ಟು ಸಾಲದೆಂಬಂತೆ, ಹಲವರು ಪೂಜೆಗೆ ಬರುತ್ತಿಲ್ಲವೆಂಬ ಕೋಪದಿಂದ, ಪ್ರಕಟನಾ ಗ್ರಂಥದ ಲವೊದಿಕೀಯ ಸಭೆಯನ್ನು ಆಧಾರವಾಗಿಟ್ಟುಕೊಂಡು, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಭಕ್ತಿಯನ್ನು ಖಂಡಿಸಿ ಒಂದು ಉಗ್ರವಾದ ಪ್ರಸಂಗ ಮಾಡಿದೆವು. ಪ್ರಸಂಗ ಚೆನ್ನಾಗಿತ್ತೆಂದು ಹಲವರು ಮೆಚ್ಚಿಕೊಂಡರು.

ಪೂಜೆಯ ಬಳಿಕ ಒಬ್ಬ ಮುದುಕಿ ಪೂಜಾವಸ್ತ್ರದ ಕೋಣೆಯ ಬಾಗಿಲಿಗೆ ಬಂದರು. ತೀರಿಹೋದ ಹಳೆಯ ಉಪದೇಶಿಯೊಬ್ಬರ ಹೆಂಡತಿ. ಓದು ಬರಹ ಕಾಣದವರು. 'ಸ್ವಾಮಿ, ಬಿಸಿ ಭಕ್ತಿ, ತಣ್ಣನೆ ಭಕ್ತಿ ನಂಗೊತ್ತಿಲ್ಲ. ಆ ಮನೇಲಿ ಒಲೆ ತಣ್ಣಗೈತೆ, ಅಷ್ಟು ಗೊತ್ತು. ಹೆಸರ ಗೋಡೆ ಮ್ಯಾಲೆ ಹಾಕ್ಸಿದೋರು ತಾವೇ. ಬಾಗಿಲು ತಟ್ಟಬೇಕಾದೋರೂ ತಾವೇ ಅಲ್ವಾ?' ಎಂದರು. ಕೈಮುಗಿದು ಹೊರಟುಹೋದರು.

ಆ ಮುದುಕಿ ಒಂದು ತಿಂಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಆ ಮನೆಗೆ ಹೋಗುತ್ತಿದ್ದರೆಂಬುದು ಆಮೇಲೆ ತಿಳಿಯಿತು. ಸೆರಗಿನಲ್ಲಿ ಒಂದಿಷ್ಟು ರಾಗಿಹಿಟ್ಟನ್ನೋ ಅವರೆಕಾಳನ್ನೋ ಕಟ್ಟಿಕೊಂಡು ಹೋಗಿ, ಅಡುಗೆಮನೆಯಲ್ಲಿಟ್ಟು, ಸ್ವಲ್ಪ ಹೊತ್ತು ಕುಳಿತು, ಪೂಜೆಗೆ ಏಕೆ ಬರಲಿಲ್ಲವೆಂದು ಒಮ್ಮೆಯೂ ಕೇಳದೆ ಎದ್ದು ಬರುತ್ತಿದ್ದರು. ಮರುದಿನ ಸಂಜೆ ನಾವೂ ಹೋದೆವು. ಆ ಮನೆಯ ಯಜಮಾನರು ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ನೆರೆಮನೆಯಿಂದ ಹಾಲು ತರಿಸಿ ಕಾಫಿ ಕೊಟ್ಟರು. ಕ್ಷಮೆ ಕೇಳುವ ಮಾತು ನಮ್ಮ ಬಾಯಿಗೆ ಬರುವುದು ತಡವಾಯಿತು. ಅವರು ತಲೆ ತಗ್ಗಿಸಿಕೊಂಡು, ಸಾಲಗಾರರು ಬೀದಿಯಲ್ಲಿ ಹೆಸರು ಹಿಡಿದು ಕೂಗಿದ್ದನ್ನು ತಡೆದುಕೊಂಡೆವು, ಸ್ವಾಮಿ, ದೇವಾಲಯದ ಗೋಡೆಯಲ್ಲಿ ಕಂಡಾಗ ತಡೆಯಲಾಗಲಿಲ್ಲ ಎಂದಷ್ಟೇ ಹೇಳಿದರು. ಆ ರಾತ್ರಿಯೇ ಪಟ್ಟಿಯನ್ನು ನಮ್ಮ ಕೈಯಿಂದ ಕಿತ್ತೆವು. ಆ ದಂಪತಿಗಳು ಪಾಸ್ಖ ಜಾಗರಣೆಯ ರಾತ್ರಿ ಬಂದು ಹಿಂದಿನ ಕಂಬದ ಬಳಿ ನಿಂತರು. ಹಿರಿಯ ಮಗಳು ನಾವಿದ್ದಷ್ಟು ವರ್ಷವೂ ಬರಲಿಲ್ಲ. ಆ ಭಾರ ನಮ್ಮ ಮೇಲೆ ಇಂದಿಗೂ ಇದೆ. ಅಂದಿನಿಂದ ನಾವು ಸೇವೆ ಮಾಡಿದ ಯಾವ ದೇವಾಲಯದ ಗೋಡೆಯ ಮೇಲೂ ಬಾಕಿದಾರರ ಪಟ್ಟಿ ಏರಿಲ್ಲ.

ಈ ಘಟನೆಯ ಬಳಿಕ ಶುಭಸಂದೇಶದ ಎರಡು ಪ್ರಸಂಗಗಳನ್ನು ನಾವು ಬೇರೆ ಕಣ್ಣಿನಿಂದ ಓದತೊಡಗಿದೆವು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಶುಭ ಶುಕ್ರವಾರದ ರಾತ್ರಿ ಆಡುವ ಮಹಿಮೆ ನಾಟಕವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಊರಿನ ಜನರೇ ಬಣ್ಣ ಹಚ್ಚಿ, ಯೇಸುಸ್ವಾಮಿಯ ಪಾಡುಗಳನ್ನು ಅಭಿನಯಿಸುವ ಸಂಪ್ರದಾಯವದು. ಅಂಥ ನಾಟಕದಲ್ಲಿ ಯಾರಾದರೊಬ್ಬರು ಯೂದನ ವೇಷ ಹಾಕಲೇಬೇಕು, ಇನ್ನೊಬ್ಬರು ಪೇತ್ರನ ವೇಷ ಹಾಕಲೇಬೇಕು. ಒಂದೇ ರಾತ್ರಿ ಇಬ್ಬರೂ ತಪ್ಪಿದರು, ಇಬ್ಬರೂ ಮರುಗಿದರು. ಪೇತ್ರನು ಅತ್ತು, ಸಂಗಡಿಗರ ನಡುವೆ ಉಳಿದನು. ಯೂದನು ಒಬ್ಬಂಟಿಯಾಗಿ ನಡೆದು ನಾಶವಾದನು. ತಪ್ಪು ಯೂದನದೇ, ಅನುಮಾನವಿಲ್ಲ. ಆದರೆ ಊಟದ ಮೇಜಿನಿಂದ ಎದ್ದು ಕತ್ತಲೆಗೆ ನಡೆದ ಆ ಒಬ್ಬನನ್ನು ಹುಡುಕಿಕೊಂಡು ಉಳಿದ ಹನ್ನೊಂದು ಜನರಲ್ಲಿ ಯಾರಾದರೂ ಹೋದರೆಂದು ಶುಭಸಂದೇಶದಲ್ಲಿ ಎಲ್ಲಿಯೂ ಬರೆದಿಲ್ಲ.

ಅದಕ್ಕೆ ಪ್ರತಿಯಾಗಿ ತೋಮನನ್ನು ನೋಡಿರಿ. ಪುನರುತ್ಥಾನದ ಸಂಜೆ ಅವನೂ ಗೈರುಹಾಜರಾಗಿದ್ದನು. ಈ ಬಾರಿ ಮಿಕ್ಕವರು ಸುಮ್ಮನಿರಲಿಲ್ಲ. ಕಂಡದ್ದನ್ನು ಅವನಿಗೆ ತಿಳಿಸಿದರು. ಅವನು ನಂಬಲಿಲ್ಲ, ಗಾಯದಲ್ಲಿ ಬೆರಳಿಟ್ಟು ನೋಡಬೇಕೆಂದು ಹಟ ಹಿಡಿದನು. ಆದರೂ ಅವನನ್ನು ಹೊರಗೆ ಹಾಕಲಿಲ್ಲ. ಎಂಟು ದಿನಗಳ ಬಳಿಕ ಸಂಶಯ ತುಂಬಿದ ಅದೇ ತೋಮನು ಅವರ ನಡುವೆಯೇ ಇದ್ದನು. ಅಲ್ಲಿಯೇ ಪ್ರಭು ಅವನಿಗೆ ದರ್ಶನವಿತ್ತರು. ಸಂಗಡಿಗರು ಅವನನ್ನು ಬಿಟ್ಟುಕೊಟ್ಟಿದ್ದರೆ ಅವನು ಆ ಕೋಣೆಯಲ್ಲಿ ಇರುತ್ತಲೇ ಇರಲಿಲ್ಲ. ಸಹವಿಶ್ವಾಸಿಗೆ ತೋರುವ ನಿಷ್ಠೆಯೆಂದರೆ ಇದೇ: ಬಾರದವನನ್ನು ಗಮನಿಸುವುದು, ಅವನ ಬಳಿಗೆ ಹೋಗುವುದು, ಅವನು ಒಪ್ಪದಿದ್ದರೂ ಅವನ ಸ್ಥಳವನ್ನು ಕಾಯ್ದಿರಿಸುವುದು.

ನಮ್ಮ ಬಿಚ್ಚಾಣಿಕೆಯ ಮನೆಗಳಲ್ಲಿ ಇದರ ದೃಷ್ಟಾಂತ ದಿನವೂ ನಡೆಯುತ್ತದೆ. ಒಂದು ಗೂಡಿನ ಎಳೆ ನೂರಾರು ಮೀಟರು ಉದ್ದವಿದ್ದರೂ ಒಂಟಿ ಎಳೆಯಿಂದ ಸೀರೆ ನೇಯಲಾಗದು. ಅದು ಅಷ್ಟು ನವಿರು. ಬಿಸಿನೀರಿನಲ್ಲಿ ತೇಲುವ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುತ್ತಾರೆ. ಅಲ್ಲಿ ಕುಳಿತ ಹೆಣ್ಣುಮಗಳ ಕಣ್ಣು ಯಾವುದರ ಮೇಲಿರುತ್ತದೆ? ಸರಾಗವಾಗಿ ಬಿಚ್ಚಿಕೊಳ್ಳುತ್ತಿರುವ ಗೂಡುಗಳ ಮೇಲಲ್ಲ. ಎಳೆ ಕಡಿದು ಹಿಂದೆ ಬಿದ್ದ ಗೂಡಿನ ಮೇಲೆ. ಅದರ ತುದಿಯನ್ನು ಹುಡುಕಿ ಮತ್ತೆ ಕೂಡಿಸದಿದ್ದರೆ ನೂಲು ಆ ಜಾಗದಲ್ಲಿ ತೆಳುವಾಗುತ್ತದೆ. ಅಂದು ಕಾಣದಿದ್ದರೂ ಮುಂದೆ ಮಗ್ಗದಲ್ಲಿ ತುಂಡಾಗುತ್ತದೆ. ಧರ್ಮಕೇಂದ್ರವೂ ಹಾಗೆಯೇ. ಒಂದು ಕುಟುಂಬ ಜಾರಿಹೋದಾಗ ಉಳಿದವರು ನಷ್ಟವನ್ನು ಕೂಡಲೇ ಕಾಣುವುದಿಲ್ಲ.

ಈಗ ಆಚರಣೆಗೆ ತರಬೇಕಾದ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ನಾಲಿಗೆಯ ನಿಷ್ಠೆ. ಸಹೋದರನು ತಪ್ಪಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಮಾತನಾಡಬೇಕೆಂದು ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಭು ಕಲಿಸಿದ್ದಾರೆ. ನಾವು ಮಾಡುವುದಾದರೂ ಏನು? ಮೊದಲು ಬಾವಿಕಟ್ಟೆಗೆ, ಈಗಿನ ದಿನಗಳಲ್ಲಿ ಮೊಬೈಲಿನ ಗುಂಪಿಗೆ, ಆಮೇಲೆ ಗುರುಗಳಿಗೆ, ಕಟ್ಟಕಡೆಗೆ, ಅದೂ ತಿಳಿಸಿದರೆ, ತಪ್ಪಿದವನಿಗೆ. ಈ ಕ್ರಮವನ್ನು ತಲೆಕೆಳಗು ಮಾಡಿರಿ. ಧರ್ಮಕೇಂದ್ರದ ಅರ್ಧ ಜಗಳಗಳು ಹುಟ್ಟುವ ಮೊದಲೇ ಸಾಯುತ್ತವೆ.

ಎರಡನೆಯದು, ಮಾನ ಉಳಿಸುವ ಸಹಾಯ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಒಜಾನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯೂ ಅವನ ಸಂಗಡಿಗರೂ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲರ ಸಭೆಯು ಇಂದಿಗೂ ಬಡವರ ಮನೆಗೇ ಹೋಗಿ ಭೇಟಿಮಾಡುವ ನಿಯಮವನ್ನು ಇಟ್ಟುಕೊಂಡಿದೆ. ಬಡವನನ್ನು ನಮ್ಮ ಬಾಗಿಲಿಗೆ ಕರೆಸಿ, ಸಾಲಿನಲ್ಲಿ ನಿಲ್ಲಿಸಿ, ಛಾಯಾಚಿತ್ರ ತೆಗೆಸಿ ಕೊಡುವ ಅಕ್ಕಿ ಅವನ ಹೊಟ್ಟೆಗೆ ಹೋಗುತ್ತದೆ, ಮಾನವನ್ನು ತೆಗೆದುಕೊಂಡೂ ಹೋಗುತ್ತದೆ. ಆ ಮುದುಕಿಯ ಸೆರಗಿನ ಗಂಟನ್ನು ನೆನೆಯಿರಿ.

ಮೂರನೆಯದು, ಭಾಷೆಯ ವಿಚಾರ. ಇದನ್ನು ಎತ್ತಲು ಹಲವರು ಹಿಂಜರಿಯುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಯನ್ನು ಜನರ ಭಾಷೆಗೆ ತರಲು ದಾರಿ ತೆರೆಯಿತು. ಅರ್ಥವಾಗದೆ ಕೇಳುತ್ತಿದ್ದ ಬಲಿಪೂಜೆಯನ್ನು ಕನ್ನಡದಲ್ಲಿ ಕೇಳಿದ ದಿನ ನಮ್ಮ ಹಿರಿಯರ ಕಣ್ಣುಗಳು ತುಂಬಿದವಂತೆ. ಆದರೆ ಒಂದುಗೂಡಿಸಲು ಬಂದ ವರವೇ ನಮ್ಮ ಮಹಾಧರ್ಮಪ್ರಾಂತ್ಯದಲ್ಲಿ ದಶಕಗಳ ಕಾಲ ಕನ್ನಡ, ತಮಿಳು, ಕೊಂಕಣಿ ಮಾತನಾಡುವವರ ನಡುವೆ ಮನಸ್ತಾಪಕ್ಕೂ ಎಡೆಯಾಯಿತು. ಯೆರೂಸಲೇಮಿನ ಮೊದಲ ಸಭೆಯಲ್ಲಿಯೂ ಇದೇ ತೊಡಕು ಹುಟ್ಟಿತ್ತು. ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆಯೆಂಬ ದೂರು ಬಂತು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಏಳು ಜನರನ್ನು ಆರಿಸಿ ಹಂಚುವ ಅಧಿಕಾರವನ್ನು ಅವರ ಕೈಗೆ ಕೊಟ್ಟರು. ಆ ಏಳು ಹೆಸರುಗಳನ್ನು ಓದಿ ನೋಡಿರಿ: ಸ್ತೆಫನನಿಂದ ನಿಕೊಲಾಯನವರೆಗೆ ಎಲ್ಲವೂ ಗ್ರೀಕ್ ಹೆಸರುಗಳು. ಕೊರತೆಯಾದವರ ಕಡೆಯವರ ಕೈಗೇ ಸೌಟನ್ನು ಕೊಟ್ಟರು. ನಮ್ಮದು ಕನ್ನಡ ನಾಡು, ನಮ್ಮ ಪೂಜೆ ಕನ್ನಡದಲ್ಲಿ ನಡೆಯುವುದು ನಮಗೆ ಹ್ಮೆಮೆ. ಆ ಹೆಮ್ಮೆ ನಿಜವಾದುದಾದರೆ, ಬೇರೆ ಮಾತಿನವರು ಬಂದಾಗ ಅವರಿಗೆ ಸ್ಥಳ ಬಿಡಲು ಹೆದರಬೇಕಾಗಿಲ್ಲ. 1990ರ ದಶಕದ ಕೊನೆಯಿಂದ ಬಿಡದಿಯ ಕಡೆ ಕಾರ್ಖಾನೆಗಳು ಬೆಳೆದ ಮೇಲೆ ದೂರದ ರಾಜ್ಯಗಳ ಯುವಕರೂ ಕೆಲಸಕ್ಕೆ ಬರುತ್ತಿದ್ದಾರೆ. ಅವರಲ್ಲಿ ಯಾರಾದರೂ ನಮ್ಮ ದೇವಾಲಯದ ಹಿಂದಿನ ಬಾಗಿಲಲ್ಲಿ ನಿಂತು ಪೂಜೆ ಕೇಳಿ ಹೆಸರೂ ಹೇಳದೆ ಹೊರಟುಹೋದರೆ ಅದು ಅವರ ಸಂಕೋಚವಲ್ಲ, ನಮ್ಮ ಕೊರತೆ.

ನಾಲ್ಕನೆಯದು, ಜಾತಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರಲ್ಲಿ ದಲಿತರ ಸಬಲೀಕರಣ ಕುರಿತು ಹೊರಡಿಸಿದ ನೀತಿಯಲ್ಲಿ, ಧರ್ಮಸಭೆಯ ಒಳಗೂ ಜಾತಿಭೇದ ನಡೆದಿದೆಯೆಂದು ನಾಚಿಕೆಯಿಂದ ಒಪ್ಪಿಕೊಂಡರು. ದೀಕ್ಷಾಸ್ನಾನದ ನೀರು ಎಲ್ಲರ ತಲೆಯ ಮೇಲೂ ಒಂದೇ ಬಟ್ಟಲಿನಿಂದ ಬೀಳುತ್ತದೆ. ಆಮೇಲೆ ಊಟದ ಪಂಕ್ತಿಯಲ್ಲೋ ಹೆಣ್ಣು ಕೇಳುವ ಮಾತಿನಲ್ಲೋ ಸಮಾಧಿಯ ಸಾಲಿನಲ್ಲೋ ಬೇರೆ ಬೇರೆ ಬಟ್ಟಲು ಹುಡುಕುವವರು ಆ ನೀರಿಗೇ ದ್ರೋಹ ಮಾಡಿದಂತೆ.

ಕೊನೆಯದಾಗಿ ಒಂದು ಎಚ್ಚರಿಕೆ. ಸಹವಿಶ್ವಾಸಿಗಳ ಮೇಲಿನ ಪ್ರೀತಿ ಇತರರ ವಿರುದ್ಧ ಎದ್ದ ಗೋಡೆಯಾಗಬಾರದು. ಅದರಲ್ಲಿಯೂ ಎಂದರೆ ಅದರಲ್ಲಿ ಮಾತ್ರವೇ ಎಂದರ್ಥವಲ್ಲ. 2020ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ದೇವಾಲಯಗಳ ಬಾಗಿಲು ಮುಚ್ಚಿ, ಬರಿದಾದ ಬೆಂಚುಗಳ ಎದುರು ನಾವು ಒಬ್ಬರೇ ಬಲಿಪೂಜೆ ಅರ್ಪಿಸಿದ ದಿನಗಳನ್ನು ಮರೆತಿಲ್ಲ. ಆಗ ನಮ್ಮ ವಠಾರದ ವೃದ್ಧರಿಗೆ ತರಕಾರಿ ತಂದುಕೊಟ್ಟವರಲ್ಲಿ ಹಿಂದೂ ನೆರೆಯವರಿದ್ದರು, ಮುಸಲ್ಮಾನ ನೆರೆಯವರಿದ್ದರು. ಮನೆಯೊಳಗೆ ಪ್ರೀತಿಯನ್ನು ಅಭ್ಯಾಸ ಮಾಡುವುದು ಬೀದಿಯಲ್ಲಿ ಅದನ್ನು ಖರ್ಚುಮಾಡುವುದಕ್ಕಾಗಿ.

ಆ ದಿನಗಳಲ್ಲಿ ಖಾಲಿ ಬೆಂಚುಗಳನ್ನು ನೋಡುತ್ತ, ಅಲ್ಲಿ ಕೂರುತ್ತಿದ್ದವರ ಹೆಸರನ್ನು ಒಂದೊಂದಾಗಿ ನೆನೆದು ಪ್ರಾರ್ಥಿಸುವ ಅಭ್ಯಾಸ ನಮಗಾಯಿತು. ಎಲ್ಲರೂ ಬಾರದಿದ್ದಾಗ ಎಲ್ಲರೂ ನೆನಪಾದರು. ಬಾಗಿಲು ತೆರೆದ ಮೇಲೆ ಬಹುಮಂದಿ ಮರಳಿದರು, ಕೆಲವರು ಮರಳಲಿಲ್ಲ. ಆ ಕೆಲವರನ್ನು ಈಗ ನಿಮ್ಮ ಕೈಗೊಪ್ಪಿಸುತ್ತಿದ್ದೇವೆ.

ಶತಮಾನೋತ್ಸವದ ದಿನ ದೀಪಾಲಂಕಾರವಿರುತ್ತದೆ, ಮಹಾಧರ್ಮಾಧ್ಯಕ್ಷರ ಸ್ವಾಗತವಿರುತ್ತದೆ, ತೇರಿನ ಮೆರವಣಿಗೆಯಿರುತ್ತದೆ. ಎಲ್ಲವೂ ಆಗಲಿ. ಆದರೆ ಅದಕ್ಕೆ ಮುನ್ನ ಪ್ರತಿಯೊಂದು ಕುಟುಂಬವೂ ಒಂದು ಕೆಲಸ ಮಾಡಬೇಕೆಂದು ಬೇಡುತ್ತೇವೆ. ನಿಮ್ಮ ಬೆಂಚಿನ ಹಿಂದೆ ಮುಂದೆ ಕೂರುತ್ತಿದ್ದು ಈಗ ಕಾಣದಿರುವ ಒಂದು ಮನೆಯನ್ನು ನೆನಪಿಸಿಕೊಳ್ಳಿರಿ. ಚಂದಾ ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಅಲ್ಲಿಗೆ ಹೋಗಿರಿ. ಏಕೆ ಬರುತ್ತಿಲ್ಲವೆಂದು ಕೇಳಬೇಡಿರಿ. ಹೇಗಿದ್ದೀರಿ ಎಂದು ಕೇಳಿರಿ. ಅವರ ಮೇಲೆ ನಿಮಗೊಂದು ಮುನಿಸಿದ್ದರೆ ಮೊದಲು ಅದನ್ನು ಅವರ ಹೊಸ್ತಿಲಲ್ಲಿ ಇಳಿಸಿರಿ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು, ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದವರು ನಮ್ಮ ಪ್ರಭುವೇ. ಅವರು ಬರಬಹುದು, ಬಾರದಿರಬಹುದು. ಹೋಗಬೇಕಾದುದು ನಮ್ಮ ಕರ್ತವ್ಯ; ಕರೆತರುವುದು ಪವಿತ್ರಾತ್ಮರ ಕಾರ್ಯ.

ನಿಮ್ಮ ಮನೆಯಿಂದಲೇ ಯಾರಾದರೂ ನಮ್ಮ ಮಾತಿನಿಂದಲೋ ಮೌನದಿಂದಲೋ ನೊಂದು ದೂರ ಸರಿದಿದ್ದರೆ, ದಯವಿಟ್ಟು ತಿಳಿಸಿರಿ. ಈ ವಯಸ್ಸಿನಲ್ಲಿಯೂ ಬಾಗಿಲು ತಟ್ಟುವ ಶಕ್ತಿ ನಮ್ಮ ಕೈಗಿದೆ.

ನೂರು ವರ್ಷಗಳ ಕಾಲ ನಮ್ಮ ಹಿರಿಯರನ್ನು ಒಂದೇ ನೂಲಾಗಿ ಹಿಡಿದಿಟ್ಟ ಪಿತ, ಸುತ, ಪವಿತ್ರಾತ್ಮರು ನಮ್ಮನ್ನೂ ನಮ್ಮ ಮಕ್ಕಳನ್ನೂ ಆಶೀರ್ವದಿಸಲಿ. ಮರಿಯ ಮಾತೆ ನಮ್ಮೆಲ್ಲರಿಗಾಗಿ, ವಿಶೇಷವಾಗಿ ಇಂದು ಇಲ್ಲಿಗೆ ಬಾರದವರಿಗಾಗಿ, ಬಿನ್ನವಿಸಲಿ. ಆಮೆನ್.